ಪತ್ತನಾಜೆಗೆ (ಮಳೆಗಾಲದ ಹೊಸ್ತಿಲಿನ ತುಳು ಆಚರಣೆಯ ದಿನ) ಮೊದಲು ಜಿಪ್ಸಿಯ ಅಡಿಗೆ ಏನು ಬಳಿಯುವುದು?

ಮುಳ್ಳೇರಿಯ, ಪೆರ್ಲ, ಬಂದಡ್ಕದ ಕಡೆ ತೋಟದ ದಾರಿಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಫೋರ್‌ವೀಲ್ ಗಾಡಿಗಳಿಗೆ ಇಂಜಿನ್ ದೊಡ್ಡ ಚಿಂತೆಯಲ್ಲ. ಇಂಜಿನ್ ಬೋರ್ ಮಾಡಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಸ್ಪ್ರಿಂಗನ್ನು ಹಿಡಿದಿಡುವ ಹ್ಯಾಂಗರ್ ಕೂತಿರುವ ಜಾಗದಲ್ಲೇ ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ಪೊಳ್ಳಾದರೆ ಮಾತ್ರ ಆ ಗಾಡಿಯ ಆಯುಸ್ಸು ಮುಗಿದ ಹಾಗೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ, ಒಂದು ಮಗ್ಗುಲಲ್ಲಿ ಸಮುದ್ರದ ಉಪ್ಪುಗಾಳಿ ಇರುವ ಕಾಸರಗೋಡಿನಲ್ಲಿ ಚಾಸಿಯ ರಕ್ಷಣೆ ಇಂಜಿನ್ ಆಯಿಲ್ ಬದಲಿಸುವಷ್ಟೇ ಕ್ರಮದ ಕೆಲಸ ಆಗಬೇಕು.

ಅಡಿಗೆ ಬಳಿಯಲು ಇಲ್ಲಿ ನಾಲ್ಕು ದಾರಿಗಳು ಚಾಲ್ತಿಯಲ್ಲಿವೆ: ಅಂಗಡಿಯ ಕಪ್ಪು ರಬ್ಬರ್ ಕೋಟಿಂಗ್, ಸುಟ್ಟ ಇಂಜಿನ್ ಆಯಿಲ್, ಗೇರುಬೀಜದ ಸಿಪ್ಪೆಯ ಎಣ್ಣೆ, ಮತ್ತು ಲ್ಯಾನೋಲಿನ್, ಅಂದರೆ ಕುರಿ ಉಣ್ಣೆಯ ಜಿಡ್ಡು. ಈ ನಾಲ್ಕನ್ನೂ ಒಂದೇ ಮಾರುತಿ ಜಿಪ್ಸಿಯ ಒಂದೇ ಚಾಸಿಯ ಮೇಲೆ ಬೇರೆ ಬೇರೆ ಭಾಗಕ್ಕೆ ಬಳಿದು, ಎರಡು ಮಳೆಗಾಲ ಓಡಿಸಿ, ಸ್ಕ್ರೂಡ್ರೈವರಿನಲ್ಲಿ ಕೆರೆದು ನೋಡಿದ ಹೋಲಿಕೆ ಇದು. ಹಿಂಬದಿ ಎಡಕ್ಕೆ ರಬ್ಬರ್, ಹಿಂಬದಿ ಬಲಕ್ಕೆ ಲ್ಯಾನೋಲಿನ್, ಮುಂದೆ ಎಡಕ್ಕೆ ಸುಟ್ಟ ಎಣ್ಣೆ, ಮುಂದೆ ಬಲಕ್ಕೆ ಗೇರೆಣ್ಣೆ. ಮುಂದಿನ ಚಕ್ರದ ಹಿಂದೆ ಕೆಸರಿನ ಹೊಡೆತ ಜಾಸ್ತಿ. ಹಾಗಾಗಿ ಎರಡನೇ ವರ್ಷ ಲ್ಯಾನೋಲಿನ್ ಮತ್ತು ಸುಟ್ಟ ಎಣ್ಣೆಯ ಜಾಗ ಅದಲುಬದಲು ಮಾಡಲಾಯಿತು.

ಮೊದಲು ಚಾಸಿಯ ಸ್ವಭಾವ ತಿಳಿದಿರಬೇಕು. 1985ರ ಕೊನೆಗೆ ಬಂದ 970 ಸಿಸಿ ಜಿಪ್ಸಿ ಆಗಲಿ, 1996ರ ನಂತರದ 1298 ಸಿಸಿ ಕಿಂಗ್ ಆಗಲಿ, ಚಾಸಿ ನಾಲ್ಕೂ ಬದಿ ಮುಚ್ಚಿದ ಪೆಟ್ಟಿಗೆಯ ಹಾಗೆ. ಹಳೆಯ ಮಹೀಂದ್ರ ಜೀಪಿನದು ಬಹುಪಾಲು ತೆರೆದ ಸಿ ಚಾನೆಲ್. ಜೀಪಿನಲ್ಲಿ ತುಕ್ಕು ಕಣ್ಣಿಗೆ ಬೀಳುತ್ತದೆ, ಕೈಯೂ ತಲಪುತ್ತದೆ. ಜಿಪ್ಸಿಯಲ್ಲಿ ಕೆಂಪು ಮಣ್ಣು ಪೆಟ್ಟಿಗೆಯ ಒಳಗೆ ಸೇರಿ, ನೀರು ಇಳಿಯುವ ತೂತುಗಳನ್ನು ಮುಚ್ಚಿ, ಒದ್ದೆ ಬಟ್ಟೆಯ ಹಾಗೆ ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಹೊರಗಿನ ಪೈಂಟ್ ಚೆಂದವೇ ಇರುತ್ತದೆ, ತಿನ್ನುವ ಕೆಲಸ ಒಳಗಿನಿಂದ ನಡೆದಿರುತ್ತದೆ. ಸಣ್ಣ ಸುತ್ತಿಗೆಯಿಂದ ಅರ್ಧ ಅಡಿಗೊಮ್ಮೆ ತಟ್ಟುತ್ತಾ ಹೋದರೆ ಗಟ್ಟಿ ಕಬ್ಬಿಣ ‘ಟಣ್’ ಎನ್ನುತ್ತದೆ, ತೆಳುವಾದದ್ದು ‘ಡಬ್’ ಎನ್ನುತ್ತದೆ. ಹಿಂದಿನ ಸ್ಪ್ರಿಂಗಿನ ಶ್ಯಾಕಲ್ ಹ್ಯಾಂಗರ್, ಕೊನೆಯ ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ), ಬಾಡಿ ಕೂರುವ ಮೌಂಟ್‌ಗಳು, ಡ್ರೈವರ್ ಕಾಲಿನ ಮ್ಯಾಟ್ ಅಡಿಯ ತಗಡು: ಈ ಜಾಗಗಳಲ್ಲಿ ಕಿವಿ ಚುರುಕಾಗಿರಲಿ.

ತಯಾರಿ ನಾಲ್ಕಕ್ಕೂ ಒಂದೇ. ಡ್ರೈನ್ ತೂತುಗಳಲ್ಲಿ ಬೈಂಡಿಂಗ್ ಸರಿಗೆ ತೂರಿಸಿ ಕಟ್ಟಿದ ಮಣ್ಣು ತೆಗೆಯಬೇಕು. ಪೆಟ್ಟಿಗೆಯೊಳಗೆ ಹೋಸ್ ಇಟ್ಟು, ಕೆಂಪು ನೀರು ನಿಂತು ತಿಳಿನೀರು ಬರುವವರೆಗೆ ತೊಳೆಯಬೇಕು. ಹೊರಮೈಯ ಎದ್ದ ತುಕ್ಕನ್ನು ಗ್ರೈಂಡರಿನ ವಯರ್ ಬ್ರಷ್‌ನಲ್ಲಿ ತೆಗೆಯುವಾಗ ಕಣ್ಣಿಗೆ ಕನ್ನಡಕ ಬೇಕೇ ಬೇಕು, ಬ್ರಷ್‌ನ ತಂತಿ ಸೂಜಿಯ ಹಾಗೆ ಹಾರುತ್ತದೆ. ಬ್ರಷ್‌ಗೆ ಬಗ್ಗದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಉಳಿಕೆಯನ್ನು ಒರೆಸಿ ಒಣಗಿಸಬೇಕು. ಆಮೇಲೆ ಕನಿಷ್ಠ ಎರಡು ಮೂರು ಬಿಸಿಲು. ಒಳಗೆ ನೀರಿರುವಾಗ ಯಾವ ಮದ್ದು ಬಳಿದರೂ ನೀರನ್ನು ಒಳಗೇ ಕಟ್ಟಿ ಬೀಗ ಹಾಕಿದಂತೆ. ವೆಲ್ಡಿಂಗ್ ಇದ್ದರೆ ಅದೂ ಮೊದಲೇ ಮುಗಿಯಲಿ. ಜಿಡ್ಡು ಬಳಿದ ಪೆಟ್ಟಿಗೆಗೆ ವೆಲ್ಡಿಂಗ್ ಕಿಡಿ ತಾಗಿದರೆ ಒಳಗಿನಿಂದ ಬೆಂಕಿ ಹಿಡಿಯುತ್ತದೆ. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಜಿಪ್ಸಿಯಾದರೆ ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಮತ್ತು ಇಸಿಎಂ, ಅಂದರೆ ಇಂಜಿನ್ನಿನ ಕಂಪ್ಯೂಟರ್, ಕನೆಕ್ಷನ್ ಬಿಚ್ಚಿಡಬೇಕು.

ಗಾಡಿ ಎತ್ತಿ ನಿಲ್ಲಿಸುವಾಗಿನ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆಕ್ಸಲ್ ಅಡಿಗೆ ಮುರಕಲ್ಲು ಇಡುವುದು ನಮ್ಮ ಊರುಗಳಲ್ಲಿ ಮಾಮೂಲಿ. ಗೋಡೆಯಲ್ಲಿ ಹರಡಿದ ಭಾರ ಹೊರುವ ಕಲ್ಲು ಒಂದೇ ಬಿಂದುವಿನ ಭಾರಕ್ಕೆ ಸದ್ದಿಲ್ಲದೆ ಸೀಳುತ್ತದೆ, ಅಡಿಯಲ್ಲಿ ಮನುಷ್ಯ ಇರುತ್ತಾನೆ. ಜ್ಯಾಕ್ ಸ್ಟ್ಯಾಂಡ್ ಬೇಕು. ಅಂಗಳದ ನೆಲ ಮೆತ್ತಗಿದ್ದರೆ ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಇರಲಿ.

ಇನ್ನು ನಾಲ್ಕು ಮದ್ದುಗಳು. ಕಪ್ಪು ರಬ್ಬರ್ ಕೋಟಿಂಗ್ ಬಳಿದ ದಿನ ಗಾಡಿ ಹೊಸತರ ಹಾಗೆ ಕಾಣುತ್ತದೆ. ಕಲ್ಲಿನ ಸಿಡಿತಕ್ಕೆ ಇದರಷ್ಟು ಗಟ್ಟಿ ಬೇರೆ ಯಾವುದೂ ಇಲ್ಲ, ಚಕ್ರದ ಕಮಾನಿನ ಒಳಮೈಗೆ ಇದೇ ಸರಿ. ತೊಂದರೆ ಇರುವುದು ಹಳೆಯ ಚಾಸಿಯ ಮೇಲೆ. ಎಷ್ಟೇ ಉಜ್ಜಿದರೂ ಹೊಂಡಗಳ ತಳದಲ್ಲಿ ಸ್ವಲ್ಪ ತುಕ್ಕು ಉಳಿದೇ ಇರುತ್ತದೆ, ಅದರ ಮೇಲೆ ಕೋಟಿಂಗ್ ಕೂತರೆ ಹಿಡಿತ ಸಾಲದು. ಮೊದಲ ಮಳೆಗಾಲ ಕಳೆದಾಗ ಹಿಂಬದಿ ಎಡಗಡೆ ನೋಟಕ್ಕೆ ಪರಿಪೂರ್ಣವಾಗಿತ್ತು. ಹ್ಯಾಂಗರಿನ ವೆಲ್ಡ್ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಅಲ್ಲಿ ಸ್ಕ್ರೂಡ್ರೈವರ್ ತುದಿ ತೂರಿಸಿ ಎತ್ತಿದರೆ ಅಂಗೈಯಗಲದ ಹಾಳೆ ಸಿಪ್ಪೆ ಸುಲಿದ ಹಾಗೆ ಎದ್ದು ಬಂತು. ಹಾಳೆಯ ಒಳಮೈಗೆ ಕಿತ್ತಳೆ ಬಣ್ಣದ ಹುಡಿ ಅಂಟಿತ್ತು, ಕಬ್ಬಿಣ ಡಿಸೆಂಬರಿನ ಬಿಸಿಲಲ್ಲೂ ಕೈಗೆ ತಣ್ಣಗೆ ಒದ್ದೆಯಾಗಿತ್ತು. ಬಿರುಕಿನಿಂದ ಹೊಕ್ಕ ನೀರಿಗೆ ಆವಿಯಾಗುವ ದಾರಿ ಇಲ್ಲ. ತುಕ್ಕನ್ನು ತಡೆಯಬೇಕಾದ ಪದರವೇ ತುಕ್ಕನ್ನು ಮರೆಮಾಡಿ ಸಾಕುತ್ತದೆ. ಹಳೆಯ ಗಾಡಿ ಕೊಳ್ಳುವಾಗ ಚಾಸಿಗೆ ಆಗಷ್ಟೇ ಕಪ್ಪು ಬಳಿದಿದ್ದರೆ ಸಂಶಯಪಡುವುದು ಇದೇ ಕಾರಣಕ್ಕೆ. ಸುತ್ತಿಗೆ ತಟ್ಟಲು ಬಿಡದ ಮಾರಾಟಗಾರನ ಗಾಡಿ ಬೇಡ.

ಸುಟ್ಟ ಇಂಜಿನ್ ಆಯಿಲ್‌ಗೆ ಸ್ವಲ್ಪ ಡೀಸೆಲ್ ಬೆರೆಸಿ ಬಳಿಯುವುದು ಹಿಂದಿನಿಂದ ಬಂದ ರೂಢಿ, ಖರ್ಚಿಲ್ಲ. ಇದನ್ನು ಬಿಟ್ಟುಬಿಡುವುದೇ ಒಳ್ಳೆಯದು. ಇಂಜಿನ್ ಆಯಿಲ್‌ನಲ್ಲಿ ಮಸಿಯನ್ನು ತೇಲಿಸಿಡುವ ಡಿಟರ್ಜೆಂಟ್ ಅಂಶ ಇರುತ್ತದೆ, ಹಾಗಾಗಿ ಅದು ನೀರಿನೊಡನೆ ಬೆರೆತು ಬೇಗ ತೊಳೆದುಹೋಗುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ನಡುವಿಗೆ ಚಾಸಿಯ ಹೊರಮೈ ಬೋಳಾಗಿತ್ತು. ಬಳಸಿದ ಎಣ್ಣೆಯಲ್ಲಿ ದಹನದಿಂದ ಹುಟ್ಟಿದ ಆಮ್ಲಗಳೂ ಇರುತ್ತವೆ. ಲೀಫ್ ಸ್ಪ್ರಿಂಗ್‌ನ ರಬ್ಬರ್ ಬುಷ್‌ಗೆ ಖನಿಜ ತೈಲ ತಾಗಿದರೆ ಅದು ಊದಿ ಮೆತ್ತಗಾಗುತ್ತದೆ. ಎಡ ಮುಂದಿನ ಬುಷ್‌ಗಳು ಎರಡನೇ ವರ್ಷಕ್ಕೇ ಬದಲಿಸುವ ಸ್ಥಿತಿಗೆ ಬಂದವು. ಪಟ್ಟಿಗಳ ನಡುವೆ ಎಣ್ಣೆ ಬಿಟ್ಟರೆ ಕಿರುಗುಟ್ಟುವುದು ನಾಲ್ಕು ದಿನ ನಿಲ್ಲುತ್ತದೆ. ಆಮೇಲೆ ಅದಕ್ಕೆ ಅಂಟಿದ ಮಣ್ಣಿನ ಹುಡಿ ಅರೆಯುವ ಪೇಸ್ಟ್ ಆಗಿ ಪಟ್ಟಿಯನ್ನೇ ತೇಯುತ್ತದೆ. ಇದಕ್ಕಿಂತ ದೊಡ್ಡ ಮಾತು ಬೇರೆ: ತೊಳೆದುಹೋದ ಎಣ್ಣೆ ಹೋಗುವುದು ತೋಟದ ಕಣಿಗೆ, ಅಲ್ಲಿಂದ ಕೆರೆಗೆ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರಿಗೆ. ಕುಡಿಯುವ ನೀರಿಗೆ ಸುರಂಗವನ್ನೇ ನಂಬಿರುವ ಮನೆಗಳು ಈ ಗುಡ್ಡಗಳಲ್ಲಿ ಇನ್ನೂ ಇವೆ.

ಗೇರೆಣ್ಣೆ ನಮ್ಮ ಕರಾವಳಿಯದೇ ಮದ್ದು. ದೋಣಿಗೂ ಮರದ ಪಕಾಸಿಗೂ ಬಳಿದು ಗೊತ್ತಿರುವ ಕಾರಣ ಕಬ್ಬಿಣಕ್ಕೂ ಆಗಬಹುದೆಂದು ತೋರುವುದು ಸಹಜ. ಒಣಗಿದ ಮೇಲೆ ಕಂದು ಬಣ್ಣದ ಹೊಳಪಿನ ಪದರವಾಗಿ ಚೆನ್ನಾಗಿಯೇ ಹಿಡಿಯುತ್ತದೆ, ಮಳೆಗೆ ಸುಟ್ಟ ಎಣ್ಣೆಗಿಂತ ಎಷ್ಟೋ ಗಟ್ಟಿ. ಆದರೆ ಒಣಗಲು ವಾರಕ್ಕೂ ಮೀರಿ ಬೇಕು, ಆ ತನಕ ಹಾರುವ ಮಣ್ಣೆಲ್ಲ ಅಂಟಿಕೊಳ್ಳುತ್ತದೆ. ಗಾಳಿಯಾಡದ ಪೆಟ್ಟಿಗೆಯೊಳಗೆ ಅದು ಸರಿಯಾಗಿ ಒಣಗುವುದೇ ಇಲ್ಲ. ಕೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಇದು ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್‌ನ ಗುಣ. ಗಾಡಿಯ ಅಡಿಗೆ ಮಲಗಿ ತಲೆಯ ಮೇಲಿನ ಕಬ್ಬಿಣಕ್ಕೆ ಬ್ರಷ್ ಆಡಿಸುವಾಗ ಒಂದು ಹನಿ ಕಣ್ಣಿಗೆ ಬಿದ್ದರೆ ಕಥೆ ಬೇರೆ. ಬಿಚ್ಚಿ ಕೆಳಗಿಟ್ಟ ಬಂಪರ್, ಹಿಂದಿನ ಕೊಕ್ಕೆ, ಟೋ ಬಾರ್‌ಗೆ ಬಳಿಯಬಹುದು. ಚಾಸಿಗೆ ಬೇಡ.

ಲ್ಯಾನೋಲಿನ್ ಗೆದ್ದದ್ದು ಅದು ಗಟ್ಟಿಯಾಗುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಮೆತ್ತಗೇ ಉಳಿಯುವುದರಿಂದ ಚಾಸಿ ತಿರುಚಿದರೂ ಬಿರುಕು ಬಿಡುವುದಿಲ್ಲ, ಉಳಿದ ತುಕ್ಕಿನ ಹುಡಿಯೊಳಕ್ಕೂ ಇಳಿದು ನೀರನ್ನು ಹೊರಗಿಡುತ್ತದೆ. ಬೆರಳಿನಿಂದ ಒರೆಸಿದರೆ ಅಡಿಯ ಕಬ್ಬಿಣ ಕಾಣುತ್ತದೆ, ಏನನ್ನೂ ಮುಚ್ಚಿಡುವುದಿಲ್ಲ. ಅಂಗಡಿಯಲ್ಲಿ ಸ್ಪ್ರೇ ಡಬ್ಬಿಯೂ ಸಿಗುತ್ತದೆ. ಮನೆಯಲ್ಲಿ ಮಾಡುವುದಾದರೆ ಒಂದು ಕಿಲೋ ಲ್ಯಾನೋಲಿನ್‌ಗೆ ಒಂದು ಲೀಟರ್ ಮಿನರಲ್ ಟರ್ಪಂಟೈನ್. ಲ್ಯಾನೋಲಿನ್ 40 ಡಿಗ್ರಿಯ ಹತ್ತಿರ ಕರಗುತ್ತದೆ. ಡಬ್ಬಿಯನ್ನು ಒಲೆಯ ಮೇಲೆ ಇಡಲೇಬಾರದು. ಒಲೆಯಿಂದ ಇಳಿಸಿ ಅಂಗಳಕ್ಕೆ ತಂದ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಬೆಂಕಿಯಿಂದ ದೂರದಲ್ಲೇ ಟರ್ಪಂಟೈನ್ ಬೆರೆಸಬೇಕು. ಜಿಪ್ಸಿಯ ಚಾಸಿಗೆ ಒಳಗೂ ಹೊರಗೂ ಸೇರಿ ಎರಡೂವರೆ ಲೀಟರಿನಷ್ಟು ಮಿಶ್ರಣ ಹಿಡಿಯುತ್ತದೆ.

ಹೊರಮೈಗೆ ಬ್ರಷ್ ಸಾಕು. ಒಳಗೆ ಬಿಡಲು ಕಂಪ್ರೆಸರಿನ ಅಂಡರ್‌ಬಾಡಿ ಗನ್‌ಗೆ ಒಂದು ಮೀಟರ್ ಉದ್ದದ 6 ಮಿಲಿಮೀಟರ್ ನೈಲಾನ್ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಕಾಯಿಸಿ ಮುಚ್ಚಿ, ತುದಿಯ ಹತ್ತಿರ ಸುತ್ತಲೂ 1 ಮಿಲಿಮೀಟರಿನ ನಾಲ್ಕಾರು ತೂತು ಕೊರೆಯಬೇಕು. ಚಾಸಿಯ ತೂತಿನಿಂದ ಕೊಳವೆಯನ್ನು ಪೂರ್ತಿ ತೂರಿಸಿ, ಗನ್ ಒತ್ತಿಕೊಂಡೇ ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡರೆ ನಾಲ್ಕೂ ಗೋಡೆಗೆ ಮದ್ದು ಹತ್ತುತ್ತದೆ. ಡ್ರೈನ್ ತೂತಿನಿಂದ ಹನಿ ಬೀಳತೊಡಗಿದರೆ ಅಲ್ಲಿಗೆ ಸಾಕು. ಆಮೇಲೆ ಆ ತೂತನ್ನು ಮತ್ತೆ ಸರಿಗೆಯಿಂದ ಬಿಡಿಸಬೇಕು. ಅಡಿಕೆಗೆ ಮದ್ದು ಬಿಡುವ ಪಂಪನ್ನು ಇದಕ್ಕೆ ಬಳಸಬಾರದು, ಅದರಲ್ಲಿ ಉಳಿದ ಮೈಲುತುತ್ತು (ತಾಮ್ರದ ಸಲ್ಫೇಟ್) ಚಾಸಿಯೊಳಗೆ ಹೋಗುತ್ತದೆ. ಬ್ಯಾಟರಿ ಬಿಚ್ಚಿ, ಇಂಜಿನ್ ತಣ್ಣಗಿರುವಾಗಲೇ ಬಿಡಬೇಕು. ಒಂದು ದಿನ ಗಾಡಿ ಸ್ಟಾರ್ಟ್ ಮಾಡಬಾರದು.

ಕೊರತೆ ಇದಕ್ಕೂ ಇದೆ. ಕುರಿದೊಡ್ಡಿಯ ವಾಸನೆ ಎರಡು ವಾರ ಹೋಗುವುದಿಲ್ಲ. ಸೈಲೆನ್ಸರ್ ಹತ್ತಿರದ ಭಾಗದಲ್ಲಿ ಕರಗಿ ಇಳಿದುಬಿಡುತ್ತದೆ, ಅಲ್ಲಿಗೆ ಶಾಖ ತಡೆಯುವ ಪೈಂಟೇ ಗತಿ. ಚಕ್ರ ನೇರವಾಗಿ ನೀರು ಎರಚುವ ಕಡೆ ಒಂದೇ ಮಳೆಗಾಲದಲ್ಲಿ ಸವೆಯುತ್ತದೆ. ಜಾಗ ಬದಲಿಸಿದಾಗಲೂ ಮುಂದಿನ ಚಕ್ರದ ಹಿಂದೆ ಇದೇ ಆಯಿತು. ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಮಳೆ ಬಿಟ್ಟ ಎರಡು ದಿನ ನೋಡಿ ಆ ಜಾಗಗಳಿಗೆ ಮತ್ತೊಂದು ಕೈ ಬಳಿಯಬೇಕು. ಪೆಟ್ಟಿಗೆಯ ಒಳಗಿನ ಪದರ ಮಾತ್ರ ಎರಡು ಮಳೆಗಾಲ ಕಳೆದರೂ ಬೆರಳಿಗೆ ಜಿಡ್ಡಾಗಿ ಸಿಕ್ಕಿತು.

ಎಪಾಕ್ಸಿ ಪ್ರೈಮರ್ ಮತ್ತು ಪೈಂಟ್ ಈ ನಾಲ್ಕಕ್ಕಿಂತ ಮೇಲು, ಬಾಡಿ ಎತ್ತಿ ಚಾಸಿಯನ್ನು ಬೆತ್ತಲೆ ಕಬ್ಬಿಣಕ್ಕೆ ತರುವ ಕೆಲಸ ಹೇಗೂ ಇದ್ದರೆ. ಅದನ್ನು ಜನವರಿಯಿಂದ ಮಾರ್ಚಿನೊಳಗೆ ಒಣಹವೆಯಲ್ಲಿ ಮಾಡಬೇಕು. ಒಳಗೆ ಆಗಲೂ ಲ್ಯಾನೋಲಿನ್ನೇ.

ತೋಟದ ಗಾಡಿಗೆ ಇನ್ನೊಂದು ಶತ್ರು ಉಂಟು, ಮೈಲುತುತ್ತು. ಅಡಿಕೆಗೆ ಬಿಡುವ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಕತ್ತಿಯ ಅಲಗನ್ನು ಅದ್ದುತ್ತೇವಲ್ಲ, ಸುಣ್ಣ ಸಾಲದಿದ್ದರೆ ಅಲಗಿಗೆ ತಾಮ್ರದ ಕೆಂಪು ಹತ್ತುತ್ತದೆ. ಹಿಂದಿನ ಡೆಕ್ಕಿನಲ್ಲಿ ಡ್ರಮ್ ತುಳುಕಿದಾಗ ತಗಡಿನ ಮೇಲೆ ನಡೆಯುವುದೂ ಅದೇ. ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಕೂರುತ್ತದೆ. ಹಾಗೆ ಕೂತ ತಾಮ್ರ ಒದ್ದೆಯಲ್ಲಿ ಸುತ್ತಲಿನ ಕಬ್ಬಿಣವನ್ನು ಇನ್ನಷ್ಟು ಬೇಗ ತಿನ್ನಿಸುತ್ತದೆ. ಇದಕ್ಕೆ ನಾಲ್ಕು ಮದ್ದಿನಲ್ಲಿ ಯಾವುದೂ ಸಾಲದು. ಮದ್ದು ಸಾಗಿಸಿದ ಸಂಜೆಯೇ ಡೆಕ್ಕಿಗೆ ಸುಣ್ಣದ ತಿಳಿನೀರು ಹೊಯ್ದು, ಆಮೇಲೆ ಧಾರಾಳ ನೀರಿನಲ್ಲಿ ತೊಳೆಯಬೇಕು. ಡ್ರಮ್ಮಿನ ಅಡಿಗೆ ಅಂಚು ಎತ್ತರವಿರುವ ಪ್ಲಾಸ್ಟಿಕ್ ಟ್ರೇ ಇರಲಿ. ರಬ್ಬರ್ ಮ್ಯಾಟ್ ಹಾಸಿ ಬಿಟ್ಟರೆ ಅದರ ಅಡಿಗೆ ಇಳಿದ ದ್ರಾವಣ ಯಾರಿಗೂ ಕಾಣದೆ ತಗಡು ತಿನ್ನುತ್ತದೆ.

ಯಾವ ಮದ್ದೇ ಆಗಲಿ, ಬಳಿಯಬಾರದ ಜಾಗಗಳನ್ನು ಮೊದಲೇ ಪ್ಲಾಸ್ಟಿಕ್ ಚೀಲ ಸುತ್ತಿ ಟೇಪ್ ಹಾಕಿ ಮುಚ್ಚಬೇಕು. ಬ್ರೇಕ್ ಡ್ರಮ್, ಡಿಸ್ಕ್, ಬ್ರೇಕಿನ ರಬ್ಬರ್ ಹೋಸ್, ಸ್ಪ್ರಿಂಗ್ ಬುಷ್, ಸೈಲೆನ್ಸರ್, ಚಾಸಿಗೆ ಅರ್ಥ್ ವಯರ್ ಕೂರುವ ಬೋಲ್ಟ್. ಪ್ರೊಪೆಲ್ಲರ್ ಶಾಫ್ಟ್‌ಗೆ ದಪ್ಪ ಕೋಟಿಂಗ್ ಒಂದು ಬದಿಗೆ ಜಾಸ್ತಿಯಾದರೆ ಬ್ಯಾಲೆನ್ಸ್ ತಪ್ಪಿ ನಡುಕ ಬರುತ್ತದೆ. ಮುಂದಿನ ಚಕ್ರದ ಒಳಗಿನ ಗುಂಡು ನಕ್ಕಲ್ ಹೊಳಪಾಗಿಯೇ ಇರಬೇಕು, ತೆಳು ಗ್ರೀಸ್ ಬಿಟ್ಟು ಬೇರೇನೂ ಬೇಡ. ಅದರ ಮೇಲೆ ಕೋಟಿಂಗ್ ಗಟ್ಟಿಯಾದರೆ ಸ್ಟೀರಿಂಗ್ ತಿರುಗಿಸಿದ ಹಾಗೆಲ್ಲ ಸೀಲ್ ಹರಿಯುತ್ತದೆ.

ಎಲ್ಲರೂ ಮರೆಯುವುದು ಆಕ್ಸಲ್ ಮೇಲಿನ ಸಣ್ಣ ಬ್ರೀದರನ್ನು, ಒಳಗಿನ ಗಾಳಿ ಹೋಗಿಬರುವ ದಾರಿಯನ್ನು. ಓಡಿ ಬಿಸಿಯಾದ ಡಿಫ್ (ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗೇರು) ಹೌಸಿಂಗ್ ತೋಡಿನ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕೋಟಿಂಗಿನಿಂದ ಮುಚ್ಚಿಹೋಗಿದ್ದರೆ ಆ ಎಳೆತಕ್ಕೆ ಆಯಿಲ್ ಸೀಲಿನ ಸಂದಿನಿಂದ ನೀರು ಒಳಸೇರುತ್ತದೆ. ಬಳಿಯುವ ಮೊದಲು ಬ್ರೀದರ್ ಮುಚ್ಚಳವನ್ನು ಬೆರಳಲ್ಲಿ ತಿರುಗಿಸಿ ನೋಡಬೇಕು, ಅಲುಗದಿದ್ದರೆ ಡೀಸೆಲ್ ಹಚ್ಚಿ ಬಿಡಿಸಬೇಕು. ಮಳೆಗಾಲ ಮುಗಿದ ಮೇಲೆ, ಗಾಡಿ ಒಂದು ರಾತ್ರಿ ನಿಂತಿದ್ದ ಬೆಳಿಗ್ಗೆ, ಡಿಫ್‌ನ ಡ್ರೈನ್ ಪ್ಲಗ್ಗನ್ನು ಪೂರ್ತಿ ಬಿಚ್ಚದೆ ಸಡಿಲಿಸಿ ಮೊದಲ ಹನಿಗಳನ್ನು ಬಿಳಿ ತಟ್ಟೆಯಲ್ಲಿ ಹಿಡಿಯಬೇಕು. ನೀರು ತಳದಲ್ಲಿ ಕೂರುವ ಕಾರಣ ಅದೇ ಮೊದಲು ಬರುತ್ತದೆ. ಹನಿ ಹಾಲು ಬೆರೆಸಿದ ಚಹಾದ ಬಣ್ಣದಲ್ಲಿದ್ದರೆ ಎಣ್ಣೆ ಪೂರ್ತಿ ಬದಲಿಸಬೇಕು: 80ಡಬ್ಲ್ಯು-90 ಗೇರ್ ಆಯಿಲ್ ಮುಂದಿನ ಡಿಫ್‌ಗೆ ಎರಡು ಲೀಟರ್, ಹಿಂದಿನದಕ್ಕೆ ಒಂದೂವರೆ, ಲೆವೆಲ್ ಪ್ಲಗ್ಗಿನ ತೂತಿನ ಅಂಚಿಗೆ ಬರುವವರೆಗೆ. ಡ್ರೈನ್ ಪ್ಲಗ್ ಸಡಿಲಿಸುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದೆಯೇ ಎಂದು ನೋಡಿಕೊಳ್ಳಿ, ಅದು ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಹಳೆಯ ಎಣ್ಣೆ ಇಳಿಸಿದ ಮೇಲೆ ಹೊಸತನ್ನು ತುಂಬಲು ದಾರಿಯೇ ಇರುವುದಿಲ್ಲ.