ಹೋರಿಯ ಚಾರ್ಟ್ ತೋರಿಸಿ ಸೂಜಿ ಹಾಕುವವರ ಸೇವೆ: 5ಕ್ಕೆ 3 ಸ್ಟಾರ್

ನಮ್ಮದು ಅಥಣಿ ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ಮೂರು ಆಕಳು: ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್, ಒಂದು ಜರ್ಸಿ ಕ್ರಾಸ್. ಎರಡು ವರ್ಷದ ಹಿಂದೆ ಮನೆಗೇ ಬಂದು ಸೂಜಿ ಹಾಕುವ, ಅಂದರೆ ಹೋರಿಯ ವೀರ್ಯ ಹಾಕಿ ಆಕಳಿಗೆ ಗಬ್ಬ ಕಟ್ಟಿಸುವ ಖಾಸಗಿಯವರು ನಮ್ಮ ಕಡೆ ಶುರು ಮಾಡಿದರು. ಹೆಸರು ಬರೆಯುವುದಿಲ್ಲ. ಬರುವ ಹುಡುಗ ಒಳ್ಳೆಯವನು, ಅವನ ಹೊಟ್ಟೆ ಮೇಲೆ ಯಾಕೆ ಹೊಡೆಯಬೇಕು?

ಕೆಲಸ ಮಾತ್ರ ಅಚ್ಚುಕಟ್ಟು. ಬೆಳಿಗ್ಗೆ ಆಕಳು ಬೆದೆಗೆ ಬಂದಿದೆ ಅಂತ ಫೋನ್ ಮಾಡಿದರೆ ಸಂಜೆ ಹೊತ್ತಿಗೆ ಸರಿಯಾಗಿ ಬರುತ್ತಾನೆ. ನೈಟ್ರೋಜನ್ ಕ್ಯಾನಿನಿಂದ ಸ್ಟ್ರಾ (ಹೋರಿಯ ವೀರ್ಯ ಹೆಪ್ಪುಗಟ್ಟಿಸಿಟ್ಟ ಸಣ್ಣ ಕೊಳವೆ) ತೆಗೆದು, ಥರ್ಮಾಮೀಟರ್ ಹಾಕಿ ನೋಡಿದ 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸುತ್ತಾನೆ, ಅದೂ ಮೊಬೈಲ್ ನೋಡಿಕೊಂಡು. ಮೊದಲು ಬರುತ್ತಿದ್ದವನು ಸ್ಟ್ರಾವನ್ನು ಅಂಗಿ ಕಿಸೆಯಲ್ಲಿ ಇಟ್ಟುಕೊಂಡೇ ಬರುತ್ತಿದ್ದ! ಇವನು ಸ್ಟ್ರಾ ಮೇಲಿನ ಹೋರಿ ನಂಬರ್ ಓದಿಸಿ, ನನ್ನ ವಹಿಯಲ್ಲಿ ಬರೆಸಿಯೇ ಕೈಗೆ ಗ್ಲೌಸ್ ಹಾಕಿದ.

ತಕರಾರು ಇರುವುದು ಚಾರ್ಟಿನ ಬಗ್ಗೆ. ಲ್ಯಾಮಿನೇಶನ್ ಮಾಡಿದ ಹಾಳೆ, ಹೋರಿಗಳ ಫೋಟೊ, ಪಕ್ಕದಲ್ಲಿ ನಂಬರ್. "ಕಾಕಾ, ಈ ಹೋರಿದು ಬೆಳವಣಿಗಿ 24 ಕಿಲೋ ಜಾಸ್ತಿ ಐತ್ರಿ. ಆರು ತಿಂಗಳಿಗೆ ನಿಮ್ಮ ಕರು 24 ಕಿಲೋ ಜಾಸ್ತಿ ತೂಗತೈತಿ" ಅಂದ. ಸ್ಟ್ರಾಗೆ 900 ರೂಪಾಯಿ. ಸಾದಾ ಹೋರಿದು 300. ಹೆಣ್ಣುಕರು 250 ಕಿಲೋ ಬೇಗ ಮುಟ್ಟಿದರೆ ಬೇಗ ಗಬ್ಬ ಕಟ್ಟುತ್ತದೆ, ಒಂದಷ್ಟು ತಿಂಗಳ ಮೇವು ಉಳಿಯುತ್ತದೆ. ಅದಕ್ಕೇ ಆಸೆ ಹುಟ್ಟಿತು. ಒಂದು ಎಚ್‌ಎಫ್‌ಗೆ, ಜರ್ಸಿಗೆ ದುಬಾರಿ ಸ್ಟ್ರಾ ಹಾಕಿಸಿದೆ. ಇನ್ನೊಂದು ಎಚ್‌ಎಫ್‌ಗೆ ಸಾದಾದ್ದು. "ಒಂದನ್ನಾದರೂ ಬಿಡ್ರಿ, ಹೋಲಿಸಿ ನೋಡಾಕ ಬೇಕಲ್ಲ" ಅಂದವಳು ನನ್ನ ಹೆಂಡತಿ.

ಮೂರೂ ಹೆಣ್ಣೇ ಆದವು. ಹುಟ್ಟಿದ ದಿನ ಗೋಣಿಚೀಲದಲ್ಲಿ ಕೂರಿಸಿ ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗಿದೆ. ಆಮೇಲೆ ಹೆಂಡತಿಯ ಹೊಲಿಗೆ ಟೇಪು. ಮುಂಗಾಲ ಹಿಂದೆ ಎದೆಸುತ್ತಳತೆ, ಭುಜದ ಮೊನೆಯಿಂದ ಬಾಲದ ಪಕ್ಕದ ಎಲುಬಿನವರೆಗೆ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಸುಮಾರಾಗಿ ಕಿಲೋ ತೂಕ ಸಿಗುತ್ತದೆ. ಜರ್ಸಿ ಕರು ಪ್ರತಿ ಸಲ ಟೇಪಿನ ತುದಿ ಅಗಿಯುತ್ತಿತ್ತು. ಈಗ ಆ ಟೇಪು ಎರಡು ಇಂಚಿನಿಂದ ಶುರು.

ಆರು ತಿಂಗಳಿಗೆ ದುಬಾರಿ ಹೋರಿಯ ಮೊದಲ ಕರು: ಸುತ್ತ 45, ಉದ್ದ 42, ಅಂದರೆ 129 ಕಿಲೋ. ಸಾದಾ ಹೋರಿದು 115. ದುಬಾರಿ ಹೋರಿಯದೇ ಎರಡನೇ ಕರು, ಜರ್ಸಿ ಹೊಟ್ಟೆಯದು, 92! ಹುಡುಗನಿಗೆ ಲೆಕ್ಕ ತೋರಿಸಿದೆ. ಸುಮ್ನೆ ನಕ್ಕ.

ನಮ್ಮ ಪಶು ಆಸ್ಪತ್ರೆ ಡಾಕ್ಟರ್ ಬಿಡಿಸಿ ಹೇಳಿದರು. ಹೋರಿಯ ಗುಣದಲ್ಲಿ ಕರುವಿಗೆ ಬರುವುದು ಅರ್ಧ ಪಾಲು. ಹೋರಿಗೆ 24 ಅಂತಿದ್ದರೆ ಕರುವಿಗೆ 12 ಅಂತ ಹಿಡಿಯಬೇಕು. ಅದೂ ಹತ್ತಾರು ಕರುಗಳ ಸರಾಸರಿ. ಒಂದೊಂದು ಕರುವಿಗೂ ಬೇರೆ ಬೇರೆ ಅರ್ಧ ಬೀಳುತ್ತದೆ, ಒಂದೇ ಮನೆಯ ಅಣ್ಣತಮ್ಮಂದಿರು ಒಂದೇ ಎತ್ತರ ಇರುವುದಿಲ್ಲ ಅಲ್ವಾ? ಅಮೆರಿಕದಲ್ಲಿ ಮಾಂಸಕ್ಕೆ ದನ ಸಾಕುವವರ ಹೋರಿ ಪಟ್ಟಿಯಲ್ಲಿ ಈ ಅರ್ಧವನ್ನು ಮೊದಲೇ ಮಾಡಿ ಛಾಪಿಸುತ್ತಾರಂತೆ, ಕರುವಿನ ತೂಕವನ್ನು 205 ದಿನಕ್ಕೆ ಸರಿಹೊಂದಿಸಿ. ಬೇರೆ ಬೇರೆ ತಳಿಯ ಹೋರಿಗಳನ್ನು ಹೋಲಿಸಲು ನೆಬ್ರಾಸ್ಕಾದ ಕ್ಲೇ ಸೆಂಟರ್ ಸಂಶೋಧನಾ ಕೇಂದ್ರ ಬೇರೆ ಕೋಷ್ಟಕವನ್ನೇ ಕೊಡುತ್ತದೆ. ಹೋರಿ ಪಟ್ಟಿಯ ನಂಬರ್ ಹೇಳುವುದು ಎರಡು ಹೋರಿಗಳ ಕರುಗಳ ನಡುವಿನ ಅಂತರವನ್ನು, ನನ್ನ ಕೊಟ್ಟಿಗೆಯ ಕರುವಿನ ತೂಕವನ್ನಲ್ಲ. ಇನ್ನು ಎರಡು ತಳಿ ಕೂಡಿದಾಗ ಬರುವ ಮಿಶ್ರತಳಿಯ ಕಸುವು ಆ ಹೋರಿಯ ಖಾತೆಗೇ ಸೇರುವುದಿಲ್ಲ.

92 ಕಿಲೋದ ತಪ್ಪು ಹೋರಿಯದು ಅಂತಲೂ ಹೇಳಲಾರೆ. ತಾಯಿಯೇ ಸಣ್ಣ ಗಾತ್ರದ್ದು. ರಾತ್ರಿ ಎರಡಕ್ಕೆ ಈದಿತು, ನಾನು ಬೆಳಿಗ್ಗೆ ನೋಡಿದೆ, ಗಿಣ್ಣದ ಹಾಲು ತಡವಾಯಿತು. ಎರಡನೇ ವಾರ ಬೇದಿ ಹತ್ತಿ ಹದಿನೈದು ದಿನ ಒಣಗಿತು. ಅದಕ್ಕೆ ನಾನೇ ಹೊಣೆ. ಮೂರು ಕರು ನೋಡಿ ಹೋರಿಗೆ ತೀರ್ಪು ಕೊಡುವುದೂ ಸರಿಯಲ್ಲ.

ಆದರೆ "ಎಷ್ಟು ಕರು ತೂಗಿ ಈ 24 ಬರೆದಾರ?" ಅಂತ ಕೇಳಿದರೆ "ಕಂಪನಿಯವರಿಗೇ ಗೊತ್ತ್ರಿ ಕಾಕಾ" ಅನ್ನುವುದು ನನಗೆ ಹಿಡಿಸಲಿಲ್ಲ. ಐದು ಕರು ತೂಗಿದ್ದಕ್ಕೂ ಐನೂರು ತೂಗಿದ್ದಕ್ಕೂ ಒಂದೇ ದರವಾ? ಒಂದು ಸ್ಟಾರ್ ಅಲ್ಲಿ ಹೋಯಿತು. ಇನ್ನೊಂದು, ಅರ್ಧವನ್ನು ಪೂರ್ತಿ ಅಂತ ಹೇಳಿ ಮಾರಿದ್ದಕ್ಕೆ.

ಜರ್ಸಿ ಮತ್ತೆ ಬೆದೆಗೆ ಬಂದರೆ ಇವರಿಗೇ ಫೋನ್ ಮಾಡುತ್ತೇನೆ. ಅದಕ್ಕೆ 300ರ ಸ್ಟ್ರಾ ಸಾಕು. ದೊಡ್ಡ ಎಚ್‌ಎಫ್‌ಗೆ ಮಾತ್ರ ಇನ್ನೊಂದು ಸಲ ಆ ಹೋರಿಯನ್ನೇ ಹಾಕಿಸುವ ಆಸೆ ಇದೆ, ಹೊಸ ಟೇಪು ತಂದ ಮೇಲೆ.