ಚಾಮುಂಡಿ, ಕುಂತಿಬೆಟ್ಟ, ಮೇಲುಕೋಟೆ, ಕರಿಘಟ್ಟ: ಯಾವ ಬೆಟ್ಟದ ತುದಿ ಚೆನ್ನ?

ಮೆಟ್ಟಿಲು ಎಣಿಸಿ ಅಂಕ ಕೊಡುವುದಾದರೆ ಚಾಮುಂಡಿ ಬೆಟ್ಟವೇ ಗೆಲ್ಲುತ್ತದೆ. ಸಾವಿರ ಮೆಟ್ಟಿಲು ಅಂದರೆ ಸುಮ್ನೆ ಅಲ್ಲ. ಶುರುವಿನಲ್ಲೇ ಏರು ಜಾಸ್ತಿ, ಮೀನಖಂಡ ಹಿಡಿದುಕೊಳ್ಳುತ್ತದೆ. ಆದರೆ ಬೆವರು ಸುರಿಸಿ ಮೇಲೆ ಬಂದಾಗ ಎದುರಿಗೆ ಸಿಗುವುದು ಬಸ್ಸು, ಕಾರು, ಹಾರ್ನು. ದೇವಿಯ ದರ್ಶನಕ್ಕೆ ಬಂದವರಿಗೆ ಅದೇನೂ ತೊಂದರೆಯಿಲ್ಲ. ನಡೆದು ಹತ್ತಿದವನಿಗೆ ಮಾತ್ರ ತುದಿ ಮುಟ್ಟಿದ ಖುಷಿ ಅರ್ಧ ಇಳಿದುಹೋಗುತ್ತದೆ. ಹಾಗಾಗಿ ನನಗೆ ಇಲ್ಲಿ ತುದಿಗಿಂತ ಏಳುನೂರನೇ ಮೆಟ್ಟಿಲ ಹತ್ತಿರದ ನಂದಿಯೇ ಇಷ್ಟ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಒಂದೇ ಕಲ್ಲಿನಲ್ಲಿ ಕಡೆದದ್ದು. ಅಲ್ಲಿಗೂ ರಸ್ತೆ ಇದೆ, ನಿಜ. ಆದರೂ ಬೆಳಿಗ್ಗೆ ಬೇಗ ಹೋದರೆ ಗಲಾಟೆ ಕಡಿಮೆ. ದಾರಿಯಲ್ಲಿ ನಿಂತು ತಿರುಗಿ ನೋಡಿದರೆ ಇಡೀ ಮೈಸೂರು ಕಾಣುತ್ತದೆ. ಲಲಿತಮಹಲ್ ಅಂತೂ ಬೆಳ್ಳಗೆ ಎದ್ದು ಕಾಣುತ್ತದೆ.

ಪಾಂಡವಪುರದ ಕುಂತಿಬೆಟ್ಟದ ಮಾತೇ ಬೇರೆ. ಪಾಂಡವರು ವನವಾಸದಲ್ಲಿ ಕುಂತಿಯ ಜೊತೆ ಇಲ್ಲಿದ್ದರು ಅಂತ ಊರಿನವರು ಹೇಳುತ್ತಾರೆ. ಬ್ರಿಟಿಷರು ಮಾತ್ರ ಈ ಊರನ್ನು ಫ್ರೆಂಚ್ ರಾಕ್ಸ್ ಅಂತ ಕರೆದರು. ಹೈದರ್, ಟಿಪ್ಪು ಕಡೆ ಇದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು. ಬುಡದಲ್ಲಿ ದೇವಸ್ಥಾನ ಇದೆ. ಅಲ್ಲಿಂದ ಮೇಲೆ ಗಾಡಿಯ ಮಾತೇ ಇಲ್ಲ, ಬಂಡೆಯೇ ದಾರಿ. ಕೆಲವು ಕಡೆ ಕೈಯನ್ನೂ ಊರಿ ಹತ್ತಬೇಕು. ಒಳ್ಳೆ ಹಿಡಿತದ ಶೂ ಇರಲಿ, ಚಪ್ಪಲಿ ಬೇಡ. ಮಳೆ ಬಿದ್ದ ದಿನ ಅಂತೂ ಆ ಕಡೆ ಹೋಗಲೇಬೇಡಿ, ಒದ್ದೆ ಬಂಡೆ ಜಾರುತ್ತದೆ. ತುದಿಯಲ್ಲಿ ಗೋಪುರ ಇಲ್ಲ, ಅಂಗಡಿ ಇಲ್ಲ, ಗಾಳಿ ಮಾತ್ರ. ಒಂದು ಕಡೆ ತೊಣ್ಣೂರು ಕೆರೆ ಹೊಳೆಯುತ್ತದೆ. ಕೆಳಗೆ ನಾಲೆ ನೀರಿನ ಭತ್ತದ ಗದ್ದೆ, ಕಬ್ಬು, ತೆಂಗು. ಮಂಡ್ಯ ಜಿಲ್ಲೆ ಹೇಗಿದೆ ಅಂತ ಹೊರಗಿನವರು ಕೇಳಿದರೆ ನಾನು ಕರೆದುಕೊಂಡು ಬರುವುದು ಇಲ್ಲಿಗೇ. ನೆರಳು ಇಲ್ಲ, ಅದೊಂದೇ ಕೊರತೆ. ಬಿಸಿಲೇರುವ ಮುಂಚೆ ಇಳಿದುಬಿಡಬೇಕು. ನೀರು ಕೆಳಗಿನಿಂದಲೇ ಹೊತ್ತು ಹೋಗಬೇಕು.

ಮೇಲುಕೋಟೆಯ ಯೋಗಾನರಸಿಂಹ ಬೆಟ್ಟ ಇವೆರಡರ ನಡುವೆ ನಿಲ್ಲುತ್ತದೆ. ವಾಹನ ಕೆಳಗೇ ಬಿಡಬೇಕು, ಕೊನೆಗೆ ಮೆಟ್ಟಿಲೇ ಗತಿ. ತುದಿಯಷ್ಟೂ ದೇವಸ್ಥಾನವೇ. ಅಲ್ಲಿಂದ ಕಲ್ಯಾಣಿ ನೋಡಬೇಕು ನೀವು! ಸುತ್ತಲಿನ ಮಂಟಪ, ಆಚೆ ಚೆಲುವನಾರಾಯಣನ ಗುಡಿ, ಹೆಂಚಿನ ಮನೆಗಳು. ಕಾಲಿಗೆ ಕೆಲಸ ಕಡಿಮೆ, ಕಣ್ಣಿಗೆ ಜಾಸ್ತಿ. ಕೋತಿಗಳ ಕಾಟ ಇದೆ, ಕೈಯಲ್ಲಿ ಕವರ್ ಹಿಡಿದುಕೊಂಡು ಹತ್ತಬೇಡಿ. ಇಳಿದ ಮೇಲೆ ಪುಳಿಯೋಗರೆ ತಿನ್ನದೆ ಬರುವವರನ್ನು ನಾನಂತೂ ನೋಡಿಲ್ಲ. ಈ ಒಂದು ವಿಷಯದಲ್ಲಿ ಕುಂತಿಬೆಟ್ಟ ಸೋಲುತ್ತದೆ, ಒಪ್ಪಲೇಬೇಕು.

ಶ್ರೀರಂಗಪಟ್ಟಣದ ಕರಿಘಟ್ಟ ಚಾರಣದ ಲೆಕ್ಕಕ್ಕೆ ಬರುವುದಿಲ್ಲ. ಮೆಟ್ಟಿಲು ಬೇಗ ಮುಗಿಯುತ್ತವೆ, ಕಾರೂ ಮೇಲೆ ಹೋಗುತ್ತದೆ. ಲೋಕಪಾವನಿ ಬಂದು ಕಾವೇರಿಗೆ ಸೇರುವ ಬಯಲು ಸಂಜೆ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಚಾಮುಂಡಿಯ ಮೇಲೆ ರಸ್ತೆ ಕಂಡು ಗೊಣಗುವ ನಾನೇ, ಮಂಡಿನೋವಿನ ಅಮ್ಮನ ಜೊತೆ ಹೊರಟ ದಿನ ಸೀದಾ ಇಲ್ಲಿಗೆ ಕಾರು ತಿರುಗಿಸುತ್ತೇನೆ.