ಹ್ಯಾಂಬರ್ಗಿನಲ್ಲಿ ಟೂರ್ ಬೋಟಿಗೆ ಮೊದಲು 62ನೇ ನಂಬರ್ ಫೆರಿ

ಚಿಕ್ಕಮಗಳೂರಿನ ನಮ್ಮ ಕಾಲೇಜಿನಿಂದ ಇನ್ನೊಂದು ಬ್ಯಾಚ್ ಜರ್ಮನಿಯ ಸಮ್ಮರ್ ಸ್ಕೂಲಿಗೆ ಹೊರಟಿದೆ. "ಅಕ್ಕ, ಹ್ಯಾಂಬರ್ಗಿನಲ್ಲಿ ಕಮ್ಮಿ ಖರ್ಚಲ್ಲಿ ಏನು ನೋಡೋದು?" ಅಂತ ದಿನಾ ಮೆಸೇಜು. ಎಲ್ಲರಿಗೂ ನನ್ನದು ಒಂದೇ ಉತ್ತರ: 62ನೇ ನಂಬರ್ ಫೆರಿ ಹತ್ತಿ.

ಇದು ಟೂರಿಸ್ಟ್ ಬೋಟ್ ಅಲ್ಲ. ಬಸ್ಸು, ಮೆಟ್ರೋ ಇದ್ದ ಹಾಗೆ ಊರಿನವರು ಎಲ್ಬೆ ನದಿಯಲ್ಲಿ ಕೆಲಸಕ್ಕೆ ಹೋಗಿಬರುವ ದೋಣಿ. ಸಿಟಿ ಟಿಕೆಟ್ ಇದ್ದರೆ ಸಾಕು. ಡಾಯ್ಚ್‌ಲಾಂಡ್ ಟಿಕೆಟ್ (ಇಡೀ ಜರ್ಮನಿಯ ಬಸ್ಸು, ಲೋಕಲ್ ರೈಲಿಗೆಲ್ಲ ನಡೆಯುವ ತಿಂಗಳ ಪಾಸು) ಇದ್ದವರು ಬೇರೆ ಕಾಸು ಕೊಡಬೇಕಿಲ್ಲ. ಆ ಟಿಕೆಟ್ 2023ರ ಮೇನಲ್ಲಿ ತಿಂಗಳಿಗೆ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ಕ್ಕೆ 63. ಒಂದು ವಿಷಯ ನೆನಪಿರಲಿ. ಅದು ಚಂದಾ ಇದ್ದ ಹಾಗೆ, ತಾನಾಗೇ ಮುಂದಿನ ತಿಂಗಳಿಗೆ ಹೋಗುತ್ತದೆ. ಮುಂದಿನ ತಿಂಗಳು ಬೇಡ ಅಂದರೆ ಈ ತಿಂಗಳ 10ನೇ ತಾರೀಕಿನೊಳಗೆ ಕ್ಯಾನ್ಸಲ್ ಮಾಡಬೇಕು.

ಹತ್ತುವುದು ಲ್ಯಾಂಡುಂಗ್ಸ್‌ಬ್ರ್ಯೂಕನ್‌ ಅನ್ನೋ ದೋಣಿ ಕಟ್ಟೆಯಲ್ಲಿ, 3ನೇ ಸೇತುವೆ ಹತ್ತಿರ. ಅಲ್ಲಿಗೆ ಹೋಗುವಷ್ಟರಲ್ಲಿ ಟೂರ್ ಬೋಟಿನವರು ಕೂಗಿ ಕರೆಯುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ "ಮೂಡಿಗೆರೆ, ಮೂಡಿಗೆರೆ" ಅಂತ ಕರೀತಾರಲ್ಲ, ಥೇಟ್ ಹಾಗೇ. ಅವರು ಕೇಳುವುದು ಇಪ್ಪತ್ತು ಯೂರೋ ಆಸುಪಾಸು. ಸುಮ್ನೆ ನಕ್ಕು ಮುಂದೆ ಹೋಗಿ.

ಹತ್ತುವ ಮೊದಲು ಕಾಲಡಿ ಒಮ್ಮೆ ನೋಡಿ. ದಡದಿಂದ ಕೆಳಗಿಳಿಯುವ ಸೇತುವೆ ಬೆಳಿಗ್ಗೆ ಹೆಚ್ಚು ಕಡಿಮೆ ಮಟ್ಟಸ ಇದ್ದದ್ದು ಮಧ್ಯಾಹ್ನಕ್ಕೆ ಇಳಿಜಾರಾಗಿರುತ್ತದೆ. ನಾವು ನಿಲ್ಲುವ ಕಟ್ಟೆ ನೀರಿನ ಮೇಲೆ ತೇಲುತ್ತಿರುತ್ತದೆ, ಅದಕ್ಕೇ. ಸಮುದ್ರ ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರ, ಆದರೂ ಉಬ್ಬರವಿಳಿತ ಊರೊಳಗೇ ಬರುತ್ತದೆ. ನೀರು ಮೂರು ಮೀಟರಿಗಿಂತ ಜಾಸ್ತಿ ಏರಿಳಿಯುತ್ತದೆ. ಹೇಮಾವತಿ ದಡದಲ್ಲಿ ಬೆಳೆದ ನನಗೆ ನದಿ ಅಂದರೆ ಒಂದೇ ಕಡೆ ಹರಿಯುವುದು. ಎಲ್ಬೆ ನದಿಯಲ್ಲಿ ಒಂದು ಮರದ ತುಂಡು ಸಮುದ್ರದ ಕಡೆಯಿಂದ ಊರ ಕಡೆಗೆ ತೇಲಿಕೊಂಡು ಬಂತು! ಫೋಟೋ ತೆಗೆಯುವುದು ಬಿಟ್ಟು ಅದನ್ನೇ ನೋಡುತ್ತಾ ನಿಂತೆ.

ಮೇಲಿನ ಡೆಕ್ಕಿನಲ್ಲೇ ಕೂರಿ. ಜೂನ್ ಆದರೂ ಜಾಕೆಟ್ ಇರಲಿ. ನಮ್ಮ ಜೊತೆಗಿದ್ದ ಹಾಸನದ ಹುಡುಗಿ "ಮುಳ್ಳಯ್ಯನಗಿರಿ ಗಾಳಿನೇ ವಾಸಿ ಕಣೇ" ಅಂತ ಒಳಗೆ ಓಡಿದಳು. ಕೊನೆಯ ಸ್ಟಾಪ್ ಫಿಂಕನ್‌ವೆರ್ಡರ್‌ಗೆ ಸುಮಾರು ಅರ್ಧ ಗಂಟೆ. ಏರ್‌ಬಸ್ ಕಾರ್ಖಾನೆ ಇರುವುದು ಆ ಊರಿನಲ್ಲೇ. ಮೆಕ್ಯಾನಿಕಲ್ ಹುಡುಗರು ದಾರಿಯುದ್ದಕ್ಕೂ ಅದೇ ಮಾತು. ನನ್ನ ಕಣ್ಣು ಮಾತ್ರ ಎದುರು ದಡದ ಕ್ರೇನುಗಳ ಮೇಲೆ. ಕಂಟೇನರ್ ಹಡಗೊಂದು ಪಕ್ಕದಲ್ಲಿ ಹೋದರೆ ಆಕಾಶವೇ ಮುಚ್ಚಿದ ಹಾಗಾಗುತ್ತದೆ. ವಿಡಿಯೋ ಕಾಲಿನಲ್ಲಿ ತೋರಿಸಿದಾಗ ಅಪ್ಪನದು ಒಂದೇ ಪ್ರಶ್ನೆ, "ಏನೇ, ನಮ್ಮ ರೊಬಸ್ಟಾ ಇದ್ರಲ್ಲೇ ಬರುತ್ತಾ?" ಅಲ್ಲಿ ಹುರಿದ ಕಾಫಿಗೆ ಕಿಲೋಗೆ 2.19 ಯೂರೋ ಕಾಫಿ ತೆರಿಗೆಯೇ ಇದೆ ಅಂದೆ. ಅವರು ಫೋನನ್ನೇ ಅಮ್ಮನ ಕೈಗೆ ಕೊಟ್ಟುಬಿಟ್ಟರು.

ವಾಪಸ್ ಬರುವಾಗ ನೊಯ್‌ಮ್ಯೂಲನ್ ಸ್ಟಾಪಿನಲ್ಲಿ ಇಳಿಯಿರಿ. ಹಳೇ ಹಡಗುಗಳನ್ನು ಅಲ್ಲೇ ನಿಲ್ಲಿಸಿದ್ದಾರೆ, ಸ್ವಲ್ಪ ನಡೆದರೆ ಮರಳಿನ ದಡ. ಅಲ್ಲೊಂದು ದೊಡ್ಡ ಬಂಡೆ ಇದೆ, 217 ಟನ್. 1999ರಲ್ಲಿ ನದಿಯ ಹೂಳು ತೆಗೆಯುವಾಗ ಸಿಕ್ಕಿದ್ದಂತೆ. ಹಿಮಯುಗದಲ್ಲಿ ಸ್ವೀಡನ್ನಿನಿಂದ ಜಾರಿ ಬಂದದ್ದು. ಬುತ್ತಿ ಬಿಚ್ಚಲು ಒಳ್ಳೇ ಜಾಗ. ಚಪಾತಿ, ಚಟ್ನಿಪುಡಿ ತಗೊಂಡು ಹೋಗಿ.

ಟೂರ್ ಬೋಟಿನವರ ಪರವಾಗಿಯೂ ಒಂದು ಮಾತು. ಸ್ಪೈಖರ್‌ಶ್ಟಾಟ್‌ನ ಕೆಂಪು ಇಟ್ಟಿಗೆಯ ಹಳೇ ಗೋದಾಮುಗಳ ನಡುವಿನ ಕಾಲುವೆಗಳಿಗೆ 62 ಹೋಗುವುದಿಲ್ಲ. ನೀರಿನ ಮಟ್ಟ ಸರಿಯಿದ್ದಾಗ ಅವರ ಸಣ್ಣ ಬೋಟುಗಳು ಒಳಗೆ ಹೋಗುತ್ತವೆ. 2015ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಜಾಗ ಅದು. ನಾವು ನಡೆದೇ ನೋಡಿದೆವು, ಏನೂ ಕಮ್ಮಿ ಅನಿಸಲಿಲ್ಲ. ಎಲ್ಬ್‌ಫಿಲ್‌ಹಾರ್ಮನಿ ಸಂಗೀತ ಭವನದ ಕಡೆಗೆ ದೋಣಿಯಲ್ಲೇ ಹೋಗಬೇಕು ಅಂದರೆ 72ನೇ ನಂಬರ್ ಇದೆ, ಅದಕ್ಕೂ ಇದೇ ಟಿಕೆಟ್.

ಬಿಸಿಲಿರುವ ಶನಿವಾರ, ಭಾನುವಾರ ಮೇಲೆ ಸೀಟು ಸಿಗುವುದು ಕಷ್ಟ. ಹಗಲಲ್ಲಿ ಕಾಲು ಗಂಟೆಗೊಂದು ದೋಣಿ ಇರುತ್ತೆ, ಒಂದನ್ನು ಬಿಟ್ಟು ಸಾಲಿನ ಮುಂದೆ ನಿಂತರೆ ಆಯಿತು. ಇದೇ ದಾರಿಯ ಫಿಶ್‌ಮಾರ್ಕ್ಟ್ ಸ್ಟಾಪಿನ ಮೀನು ಸಂತೆ ನೋಡಬೇಕು ಅಂದರೆ ಭಾನುವಾರವೇ ಹೋಗಬೇಕು. ಬೇಸಿಗೆಯಲ್ಲಿ ಬೆಳಗಿನ 5ಕ್ಕೆ ಶುರು, ಒಂಬತ್ತೂವರೆಗೆ ಮುಗಿದೇಹೋಯಿತು. ಹಾಸ್ಟೆಲಿನಲ್ಲಿ ಹತ್ತಕ್ಕೆ ಏಳುವವರು ನೀವೇ ಯೋಚನೆ ಮಾಡಿ.